ಬೈಲಹೊಂಗಲಕ್ಕೆ ವಿಕ್ಟೋರಿಯಾ ಅಡುಗೆಮನೆ ಬಂದರೆ?

ಹೊಸ ಮನೆ ಕಟ್ಟಿಸುವವರು ಹಿಂದೆ ಪಕ್ಕದ ಓಣಿಯ ಮನೆ ತೋರಿಸಿ, "ಇದರಂಗ ಕಟ್ಟಿಕೊಡ್ರಿ" ಎಂದು ಗೌಂಡಿಗೆ ಹೇಳುತ್ತಿದ್ದರು. ಈಗ ಮೊಬೈಲ್ ಫೋನಿನ ಪರದೆಯ ಮೇಲೆ ಇಂಗ್ಲೆಂಡಿನ ಅಡುಗೆಮನೆ ಮೂಡುತ್ತದೆ. ಕಡುಗಂದು ಬಣ್ಣದ ಕಟ್ಟಿಗೆಯ ಕಪಾಟು, ಹಿತ್ತಾಳೆಯ ಹಿಡಿಕೆ, ಕಪ್ಪು-ಬಿಳಿ ಚೌಕದ ನೆಲ, ಗೋಡೆಗೆ ಹೊಳೆಯುವ ಬಿಳಿ ಟೈಲ್ಸ್, ಆಳವಾದ ಪಿಂಗಾಣಿ ತೊಟ್ಟಿ, ಕೊಕ್ಕೆಗೆ ತೂಗುಬಿಟ್ಟ ತಾಮ್ರದ ಪಾತ್ರೆ, ನಡುವೆ ಒಂದು ದೊಡ್ಡ ಮೇಜು, ಗೋಡೆಯ ಗೂಡಿನಲ್ಲಿ ಕರಿಯ ಬೀಡು ಕಬ್ಬಿಣದ ಒಲೆ. ಇದಕ್ಕೆ 'ವಿಕ್ಟೋರಿಯನ್ ಶೈಲಿ' ಎಂದು ಹೆಸರು. ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಆಳಿದ 1837 ರಿಂದ 1901 ರವರೆಗಿನ ಕಾಲದ ಅಡುಗೆಮನೆಯ ನೆನಪಿನಲ್ಲಿ ಮಾಡಿದ್ದು ಎಂದರ್ಥ.

ನೋಡಲು ಚೆಂದ, ಸಂದೇಹವಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೂ ಇದು ಬಂದರೆ ಬೇಡವೆನ್ನಲು ಯಾರಿಗೂ ಅಧಿಕಾರವಿಲ್ಲ. ಆದರೆ ಚಿತ್ರದಲ್ಲಿ ಕಾಣುವ ಪ್ರತಿಯೊಂದು ವಸ್ತುವಿಗೂ ಹಿಂದೆ ಒಂದು ಕಾರಣವಿತ್ತು. ಆ ಕಾರಣ ನಮ್ಮ ಬಿಸಿಲಿಗೆ, ನಮ್ಮ ರೊಟ್ಟಿಗೆ, ನಮ್ಮ ಗ್ಯಾಸ್ ಸಿಲಿಂಡರಿಗೆ ಹೊಂದುತ್ತದೆಯೆ? ಶೈಲಿಯನ್ನು ನಕಲು ಮಾಡುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಉತ್ತರ ಹುಡುಕಲು ಪ್ರೌಢಶಾಲೆಯ ವಿಜ್ಞಾನ ಪುಸ್ತಕವೇ ಸಾಕು.

ಚಿತ್ರದಲ್ಲಿ ಕಾಣದವರು

ವಿಕ್ಟೋರಿಯಾ ಕಾಲದ ಶ್ರೀಮಂತರ ಮನೆಯಲ್ಲಿ ಅಡುಗೆಮನೆ ಎಲ್ಲಿತ್ತು ಗೊತ್ತೆ? ಲಂಡನ್ನಿನಂಥ ನಗರಗಳಲ್ಲಿ ಬಹುಮಟ್ಟಿಗೆ ನೆಲಮಾಳಿಗೆಯಲ್ಲಿ. ಯಜಮಾನರಿಗೆ ಒಲೆಯ ವಾಸನೆ, ಪಾತ್ರೆಯ ಸದ್ದು, ಆಳುಗಳ ಓಡಾಟ ಬೇಕಾಗಿರಲಿಲ್ಲ. ಅಲ್ಲಿ ಕೆಲಸ ಮಾಡುವವರು ಮನೆಯೊಡತಿಯಲ್ಲ, ಸಂಬಳದ ಹೆಣ್ಣುಮಕ್ಕಳು. ಆ ಶತಮಾನದ ಕೊನೆಯ ವೇಳೆಗೆ ಇಂಗ್ಲೆಂಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಹಿಳೆಯರು ಮನೆಗೆಲಸದಲ್ಲಿದ್ದರು. ಬೆಳಗು ಹರಿಯುವ ಮುನ್ನ ಎದ್ದು ಬೂದಿ ತೆಗೆಯುವುದು, ಹೊಗೆದಾರಿಯ ಮಸಿ ಕೆರೆಯುವುದು, ಕಬ್ಬಿಣದ ಒಲೆಗೆ ಗ್ರಾಫೈಟ್ ಪುಡಿಯ ಲೇಪ ತಿಕ್ಕಿ ಹೊಳಪು ತರುವುದು ಅವರ ದಿನದ ಮೊದಲ ಕೆಲಸ. ಇಂದಿನ ಚಿತ್ರದಲ್ಲಿ ಮಿರಿಮಿರಿ ಮಿಂಚುವ ಆ ಕರಿಯ ಒಲೆಯ ಹಿಂದೆ ಒಬ್ಬ ಹುಡುಗಿಯ ರಟ್ಟೆಯ ನೋವಿದೆ.

ಇನ್ನೂ ಚಿಕ್ಕವರ ಕತೆಯೂ ಉಂಟು. ಕಲ್ಲಿದ್ದಲು ಉರಿದಾಗ ಹೊಗೆಕೊಳವೆಯೊಳಗೆ ದಪ್ಪನೆಯ ಮಸಿ ಕಟ್ಟುತ್ತದೆ. ಅದನ್ನು ಕೆರೆಯಲು ಇಂಗ್ಲೆಂಡಿನಲ್ಲಿ ಎಳೆಯ ಮಕ್ಕಳನ್ನು ಕೊಳವೆಯೊಳಗೆ ಹತ್ತಿಸುತ್ತಿದ್ದರು. ಕೆಲವರು ಒಳಗೇ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತರು. ಇದನ್ನು ತಡೆಯಲು ಹಲವು ಕಾಯ್ದೆಗಳು ಬಂದರೂ ಪದ್ಧತಿ ನಿಜವಾಗಿ ನಿಂತದ್ದು 1875 ರ ಕಾಯ್ದೆಯ ನಂತರ.

ಉಳಿದ ವಸ್ತುಗಳೂ ಅಷ್ಟೆ. ಬಿಳಿ ಟೈಲ್ಸ್ ಬಂದದ್ದು ಮಸಿ ಕೂತರೆ ಕಾಣಲಿ, ನೀರು ಹಾಕಿ ತೊಳೆಯಲು ಬರಲಿ ಎಂದು. ತಾಮ್ರದ ಪಾತ್ರೆ ಬಂದದ್ದು ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಉಷ್ಣವನ್ನು ಹರಿಸುವುದರಿಂದ. ಆದರೆ ಹುಳಿ ಪದಾರ್ಥ ತಾಮ್ರವನ್ನು ಕರಗಿಸಿ ಊಟಕ್ಕೆ ಬೆರೆಸುತ್ತದೆ. ಆದ್ದರಿಂದ ಒಳಗೆ ತವರದ ತೆಳುಲೇಪ ಬೇಕು. ಇದು ಓದುಗರಿಗೆ ಹೊಸದೇನಲ್ಲ, ನಮ್ಮ ಕಲಾಯಿಯೇ ಅದು. ಕಲಾಯಿ ಹಾಕುವವರು ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರುತ್ತಿದ್ದರು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅದು ಲೋಹದ ಮೇಲಿನ ಆಕ್ಸೈಡನ್ನು ತೆಗೆಯುತ್ತದೆ. ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಸಾಮಾನ್ಯ ಕುಲುಮೆ ಸಾಕು. ಲಂಡನ್ನಿನ ಅಡುಗೆಯವನಿಗೂ ಸವದತ್ತಿಯ ಅಜ್ಜಿಗೂ ರಸಾಯನಶಾಸ್ತ್ರ ಒಂದೇ. ಹಾಗಾಗಿ ಅಂದಕ್ಕೆಂದು ತಾಮ್ರದ ಪಾತ್ರೆ ಕೊಂಡವರು ಕಲಾಯಿ ಇಲ್ಲದೆ ಅದರಲ್ಲಿ ಹುಣಸೆಹುಳಿಯ ಸಾರು ಕುದಿಸಬಾರದು.

ಬೆಂಕಿಗೆ ಗೋಡೆ ಕಟ್ಟಿದವನು

ವಿಕ್ಟೋರಿಯಾ ಅಡುಗೆಮನೆಯ ನಿಜವಾದ ಸಾಧನೆ ಅದರ ಒಲೆ. ಇದರ ಮೂಲ ರಾಣಿಗಿಂತ ಹಿಂದಿನದು. ಕೌಂಟ್ ರಮ್‌ಫರ್ಡ್ (1753-1814) ಎಂಬ ಹೆಸರನ್ನು ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ಕೇಳಿರಬಹುದು. ಫಿರಂಗಿಯ ನಳಿಗೆ ಕೊರೆಯುವಾಗ ಲೋಹ ವಿಪರೀತ ಕಾಯುವುದನ್ನು ಕಂಡು, ಉಷ್ಣವೆಂಬುದು ಒಂದು ದ್ರವವಲ್ಲ, ಚಲನೆಯ ಫಲ ಎಂದು 1798 ರಲ್ಲಿ ವಾದಿಸಿದವನು ಅವನೇ. ಅದೇ ರಮ್‌ಫರ್ಡ್ ಅಡುಗೆಯ ಬೆಂಕಿಯನ್ನೂ ಬಿಡಲಿಲ್ಲ. ತೆರೆದ ಬೆಂಕಿಯ ಬಹುಪಾಲು ಶಾಖ ಪಾತ್ರೆಗೆ ತಾಗದೆ ಪೋಲಾಗುವುದನ್ನು ನೋಡಿ, ಬೆಂಕಿಯನ್ನು ಇಟ್ಟಿಗೆಯ ಗೂಡಿನೊಳಗೆ ಮುಚ್ಚಿ, ಗಾಳಿ ಬರುವ ಬಾಯಿಗೂ ಹೊಗೆ ಹೋಗುವ ದಾರಿಗೂ ಮುಚ್ಚಳವಿಟ್ಟ.

ಈ ವಿಚಾರವೇ ಮುಂದೆ ಎರಕದ ಕಬ್ಬಿಣದ 'ಕಿಚನರ್' ಒಲೆಯಾಯಿತು. ನಡುವೆ ಬೆಂಕಿ, ಒಂದು ಪಕ್ಕದಲ್ಲಿ ಬೇಯಿಸುವ ಗೂಡು, ಇನ್ನೊಂದು ಪಕ್ಕದಲ್ಲಿ ಬಿಸಿನೀರಿನ ತೊಟ್ಟಿ, ಮೇಲೆ ಪಾತ್ರೆಗಳ ಸಾಲು, ಹಿಂದೆ ಹೊಗೆಕೊಳವೆ. ಒಂದೇ ಬೆಂಕಿಯಿಂದ ನಾಲ್ಕು ಕೆಲಸ. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಕಟ್ಟಡ 1841 ರಲ್ಲಿ ತೆರೆದಾಗ ಅಲ್ಲಿನ ಮುಖ್ಯ ಬಾಣಸಿಗ ಅಲೆಕ್ಸಿಸ್ ಸೋಯರ್ ಅನಿಲದ ಒಲೆಗಳನ್ನೂ ಇಡಿಸಿದ್ದ. ಅದನ್ನು ನೋಡಲು ಜನ ಬರುತ್ತಿದ್ದರು. ಅಂದರೆ ಆ ಕಾಲದ ಅಡುಗೆಮನೆ ಹಳೆಯದನ್ನು ನೆನೆದು ಕೂತಿರಲಿಲ್ಲ. ಅಂದಿನ ಹೊಸ ವಿಜ್ಞಾನವನ್ನು ಧೈರ್ಯದಿಂದ ಬಳಸುತ್ತಿತ್ತು.

ಹೊಗೆಕೊಳವೆ ಎಳೆಯುವುದು ಹೇಗೆ? 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.18 ಕಿಲೋ. 127 ಡಿಗ್ರಿಗೆ ಕಾಯ್ದರೆ ಸುಮಾರು 0.88 ಕಿಲೋ. ಕೊಳವೆಯೊಳಗಿನ ಹಗುರ ಗಾಳಿಯನ್ನು ಹೊರಗಿನ ಭಾರದ ಗಾಳಿ ಕೆಳಗಿನಿಂದ ಮೇಲಕ್ಕೆ ತಳ್ಳುತ್ತದೆ. ಐದು ಮೀಟರ್ ಎತ್ತರದ ಕೊಳವೆಯಲ್ಲಿ ಈ ಒತ್ತಡದ ವ್ಯತ್ಯಾಸ ಸುಮಾರು 15 ಪಾಸ್ಕಲ್. ಅಂಗೈಯಷ್ಟು ಜಾಗದ ಮೇಲೆ ಸುಮಾರು 15 ಗ್ರಾಂ ತೂಕವಿಟ್ಟಂತೆ, ಅಷ್ಟೆ. ಆದರೆ ಹೊಗೆಗೆ ಅಷ್ಟು ಸಾಕು. ಕೊಳವೆ ಎರಡು ಪಟ್ಟು ಎತ್ತರವಾದರೆ ಎಳೆತವೂ ಎರಡು ಪಟ್ಟು. ಒಂದು ಮಾತು ನೆನಪಿರಲಿ: ಕೆಳಗಿನಿಂದ ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಎಷ್ಟೇ ಎತ್ತರದ ಕೊಳವೆಯೂ ಎಳೆಯಲಾರದು.

ಅದೇ ಕಾಲದಲ್ಲಿ ಇಲ್ಲಿ

ಇಂಗ್ಲೆಂಡಿನ ಗೃಹಿಣಿಯರಿಗೆ ಮಾರ್ಗದರ್ಶಿಯಾದ ಮಿಸೆಸ್ ಬೀಟನ್ ಅವರ ಗೃಹಕೃತ್ಯದ ಪುಸ್ತಕ ಪ್ರಕಟವಾದದ್ದು 1861 ರಲ್ಲಿ. ಸವದತ್ತಿ ತಾಲ್ಲೂಕಿನ ಸಿರಸಂಗಿ ಸಂಸ್ಥಾನದ ಲಿಂಗರಾಜ ದೇಸಾಯಿಯವರು ಹುಟ್ಟಿದ್ದೂ ಅದೇ ವರ್ಷ. ತಮ್ಮ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಬಿಟ್ಟು 1906 ರಲ್ಲಿ ತೀರಿಕೊಂಡ ಅವರ ಆಯುಷ್ಯ ಹೆಚ್ಚುಕಡಿಮೆ ವಿಕ್ಟೋರಿಯಾ ಕಾಲದ ಉತ್ತರಾರ್ಧವೇ. ಹಾಗಾದರೆ ಆ ಕಾಲದಲ್ಲಿ ಈ ಭಾಗದ ವಾಡೆಗಳಲ್ಲಿ, ರೈತರ ಮಾಳಿಗೆ ಮನೆಗಳಲ್ಲಿ ಅಡುಗೆಮನೆ ಹೇಗಿತ್ತು?

ಎರಡು ಅಡಿಗೂ ಮೀರಿದ ಮಣ್ಣು ಇಲ್ಲವೆ ಕಲ್ಲಿನ ಗೋಡೆ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಮೂಲೆಯಲ್ಲಿ ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ. ತಲೆಯ ಮೇಲೆ ಬೆಳಕಿಂಡಿ. ಗೋಡೆಯಲ್ಲಿ ಗೂಡು, ಜಂತಿಗೆ ತೂಗುಬಿಟ್ಟ ನೆಲುವು. ಇಂಗ್ಲೆಂಡಿನವರಿಗೆ ತಂಪು ಕೋಣೆಯಿದ್ದರೆ ಇಲ್ಲಿ ಜೋಳಕ್ಕೆ ಹಗೇವು, ನೀರಿಗೆ ಮಣ್ಣಿನ ಗಡಿಗೆ.

ಇವು ಕೂಡ ವಿಜ್ಞಾನವೇ. ಗಡಿಗೆಯ ಸೂಕ್ಷ್ಮ ರಂಧ್ರಗಳಿಂದ ಒಸರುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಐದು ಲೀಟರ್ ನೀರಿನ ಗಡಿಗೆಯಿಂದ ನೂರು ಗ್ರಾಂ ಆವಿಯಾದರೆ, ಹೊರಗಿನ ಶಾಖ ಒಳಬರದಿದ್ದಲ್ಲಿ, ಉಳಿದ ನೀರು ಹತ್ತು ಡಿಗ್ರಿಗೂ ಹೆಚ್ಚು ತಣ್ಣಗಾಗುತ್ತದೆ. ಹಗೇವಿನೊಳಗೆ ಮುಚ್ಚಿಟ್ಟ ಕಾಳು ಉಸಿರಾಡುತ್ತದೆ. ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈ ಆಕ್ಸೈಡ್ ತುಂಬುತ್ತದೆ, ನುಸಿ ಸಾಯುತ್ತದೆ. ಹಗೇವು ತೆಗೆದ ಕೂಡಲೆ ಇಳಿದವರೂ ಅದೇ ಕಾರಣಕ್ಕೆ ಉಸಿರುಗಟ್ಟುತ್ತಾರೆ. ಎರಡು ಅಡಿ ಮಣ್ಣಿನ ಗೋಡೆ ಮಧ್ಯಾಹ್ನದ ಬಿಸಿಲನ್ನು ಒಳಕ್ಕೆ ಬಿಡಲು ಎಷ್ಟೋ ತಾಸು ಹಿಡಿಯುತ್ತದೆ. ಅಷ್ಟರಲ್ಲಿ ಹೊರಗೆ ತಂಪಾಗಿರುತ್ತದೆ.

ಆದರೆ ಹಳೆಯದೆಲ್ಲ ಹೊನ್ನಲ್ಲ. ಬೆಳಕಿಂಡಿಗೆ ಕೊಳವೆ ಇರಲಿಲ್ಲ. ಹೊಗೆ ಮೊದಲು ಕೋಣೆ ತುಂಬಿ, ಅಡುಗೆ ಮಾಡುವವಳ ಕಣ್ಣು-ಮೂಗು ಹೊಕ್ಕು, ಆಮೇಲೆ ನಿಧಾನವಾಗಿ ಕಿಂಡಿ ಸೇರುತ್ತಿತ್ತು. ಹತ್ತಿಕಟ್ಟಿಗೆ, ಜೋಳದ ದಂಟಿನ ಕೂಳೆ, ಕುಳ್ಳು ಇವು ಎರೆ ಭೂಮಿಯ ಸೀಮೆಯ ಉರುವಲು. ಇವುಗಳಲ್ಲಿ ಹೊಗೆ ಬಹಳ. ಹೊಗೆ ಹಿಡಿದ ಜಂತಿಗೆ ಹುಳು ಹತ್ತುವುದಿಲ್ಲ ಎಂದು ಹಿರಿಯರು ಹೇಳುವುದುಂಟು. ಜಂತಿಗೆ ಅಂಟಿದ ಅದೇ ಕರಿ ಎಣ್ಣೆ ಮನೆಯ ಹೆಣ್ಣುಮಕ್ಕಳ ಪುಪ್ಪುಸದಲ್ಲೂ ಅಂಟುತ್ತಿತ್ತು. ಮನೆಯೊಳಗಿನ ಹೊಗೆಯಿಂದ 2020 ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದ ವಿಜ್ಞಾನಿಗಳು ಈ ನೋವಿಗೆ ಮದ್ದು ಹುಡುಕಿದರು. ಮೂರು ಪಾತ್ರೆಯ, ಮುಚ್ಚಿದ ಬೆಂಕಿಯ, ಹೊಗೆಕೊಳವೆಯ 'ಅಸ್ತ್ರ ಒಲೆ' ಹಳ್ಳಿಹಳ್ಳಿಗೆ ಹೋಯಿತು. ನೋಡಿದರೆ ಅದು ರಮ್‌ಫರ್ಡನ ಒಲೆಯ ತಮ್ಮನೇ: ಬೆಂಕಿಗೆ ಗೋಡೆ, ಗಾಳಿಗೆ ಬಾಯಿ, ಹೊಗೆಗೆ ದಾರಿ. ಬಡಿಗನ ಕೆತ್ತನೆ ಇಲ್ಲದ, ಹಿತ್ತಾಳೆ ಹಿಡಿಕೆ ಇಲ್ಲದ ಆ ಮಣ್ಣಿನ ಒಲೆಯಲ್ಲಿ ವಿಕ್ಟೋರಿಯಾ ಕಾಲದ ತಿರುಳಿತ್ತು.

ಕಿತ್ತೂರಿನ ಕಿಂಡಿ ಹೇಳುವ ಲೆಕ್ಕ

ಇನ್ನು ದಿಕ್ಕಿನ ವಿಚಾರ. ಕಿತ್ತೂರು ಕೋಟೆಗೆ ಶಾಲೆಯ ಪ್ರವಾಸ ಹೋದ ಮಕ್ಕಳು ಹಾಳುಬಿದ್ದ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಯನ್ನು ಕಂಡಿರುತ್ತಾರೆ. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಡಿಗ್ರಿ ಮೇಲಿರುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ನಾಲ್ಕೂ 15.5 ರಿಂದ 16 ಡಿಗ್ರಿಗಳ ನಡುವೆ ಇವೆ. ಲಂಡನ್ ಇರುವುದು 51.5 ಡಿಗ್ರಿಯಲ್ಲಿ. ಅಡುಗೆಮನೆಯ ಕಿಟಕಿ ನಿರ್ಧರಿಸುವುದು ಇದೇ ಅಂಕಿ.

ಡಿಸೆಂಬರ್ 21 ರ ನಡುಮಧ್ಯಾಹ್ನ ಲಂಡನ್ನಿನಲ್ಲಿ ಸೂರ್ಯ ದಿಗಂತದಿಂದ ಬರಿಯ 15 ಡಿಗ್ರಿ ಮೇಲಿರುತ್ತಾನೆ. ಬೆಳಕು ಅಲ್ಲಿ ದುಬಾರಿ. ಆದ್ದರಿಂದಲೇ ದೊಡ್ಡ ಗಾಜಿನ ಕಿಟಕಿ. ಅಲ್ಲಿ ಉತ್ತರದ ಗೋಡೆಗೆ ನಡುಹಗಲ ಬಿಸಿಲು ವರ್ಷವಿಡೀ ತಾಗದು. ಆದ್ದರಿಂದ ಬೆಣ್ಣೆ, ಹಾಲು, ಮಾಂಸ ಇಡುವ ತಂಪು ಕೋಣೆ ಉತ್ತರಕ್ಕೆ. ಬೈಲಹೊಂಗಲದಲ್ಲಿ ಅದೇ ದಿನ ಸೂರ್ಯ 51 ಡಿಗ್ರಿ ಮೇಲಿರುತ್ತಾನೆ. ಮೇ ಮೊದಲ ವಾರ ಹಾಗೂ ಆಗಸ್ಟ್ ಎರಡನೆಯ ವಾರದ ಸುಮಾರಿಗೆ ನೆತ್ತಿಯ ಮೇಲೇ ಬರುತ್ತಾನೆ. ನೆಟ್ಟಗೆ ನಿಂತ ಕೋಲಿಗೆ ಆಗ ನಡುಹಗಲಲ್ಲಿ ನೆರಳೇ ಇರುವುದಿಲ್ಲ. ಈ ಎರಡರ ನಡುವಿನ ದಿನಗಳಲ್ಲಿ ಸೂರ್ಯ ಸ್ವಲ್ಪ ಉತ್ತರಕ್ಕೂ ವಾಲುತ್ತಾನೆ.

ಇದರಿಂದ ಮನೆ ಕಟ್ಟುವವರಿಗೆ ಸಿಗುವ ಪಾಠ ನಾಲ್ಕು. ಒಂದು, ಚಿತ್ರದಲ್ಲಿರುವಂತೆ ಛಾವಣಿಗೆ ಚಪ್ಪಟೆ ಗಾಜು ಹಾಕಿಸಿದರೆ ಮೇ ತಿಂಗಳಲ್ಲಿ ಅಡುಗೆಮನೆ ಕಾದ ಹಂಚಾಗುತ್ತದೆ. ಎರಡು, ಉತ್ತರದ ಕಿಟಕಿ ಇಲ್ಲಿ ಉತ್ತಮ. ಒಂದು ಮೀಟರ್ ಎತ್ತರದ ಉತ್ತರದ ಕಿಟಕಿಗೆ ಜೂನ್ ತಿಂಗಳ ನಡುಹಗಲ ಬಿಸಿಲು ತಡೆಯಲು ಸುಮಾರು 13 ಸೆಂ.ಮೀ. ಸಜ್ಜಾ ಸಾಕು. ಅದೇ ದಕ್ಷಿಣದ ಕಿಟಕಿಗೆ ಡಿಸೆಂಬರ್ ಬಿಸಿಲು ತಡೆಯಲು 80 ಸೆಂ.ಮೀ.ಗೂ ಹೆಚ್ಚು ಬೇಕು. ಮೂರು, ಪಶ್ಚಿಮದ ಗೋಡೆ ನಿಜವಾದ ವೈರಿ. ಇಳಿಬಿಸಿಲನ್ನು ಯಾವ ಸಜ್ಜಾವೂ ತಡೆಯದು. ಸಂಜೆಯ ರೊಟ್ಟಿ ಬೇಯಿಸುವ ಹೊತ್ತಿಗೇ ಆ ಗೋಡೆ ಒಳಕ್ಕೆ ಕಾವು ಬಿಡುತ್ತದೆ. ನಾಲ್ಕು, ಬೆಳಕಿಂಡಿಯನ್ನು ಕೈಬಿಡಬಾರದು, ಅದರ ರೂಪ ಬದಲಿಸಬೇಕು. ಆರ್.ಸಿ.ಸಿ. ಛಾವಣಿಯ ಮೇಲೆ ಒಂದೆರಡು ಅಡಿ ಎತ್ತರದ ಚಿಕ್ಕ ಗೋಪುರ ಕಟ್ಟಿ, ಅದರ ಪಕ್ಕಗಳಲ್ಲಿ ಜಾಲರಿ ಬಿಟ್ಟು, ಮೇಲೆ ಫರಸಿ ಹಾಕಿದರೆ ಮಳೆ ಒಳಬರದು, ಬಿಸಿಗಾಳಿ ನಿಲ್ಲದು.

ಹೊಗೆ ಮೇಲಕ್ಕೆ, ಗ್ಯಾಸು ಕೆಳಕ್ಕೆ

ಈಗ ಅತಿ ಮುಖ್ಯವಾದ ಮಾತು. ವಿಕ್ಟೋರಿಯಾ ಅಡುಗೆಮನೆಯಾಗಲಿ ಅಜ್ಜಿಯ ಅಡುಗೆಮನೆಯಾಗಲಿ ಕಲಿಸಿದ್ದು ಒಂದೇ: ಮೇಲೆ ದಾರಿ ಬಿಡಿ. ಕಾಯ್ದ ಹೊಗೆ ಹಗುರ, ಅದು ಏರುತ್ತದೆ. ಆದರೆ ಇಂದಿನ ಮನೆಯಲ್ಲಿ ಉರಿಯುವುದು ಎಲ್.ಪಿ.ಜಿ. ಅದು ಮುಖ್ಯವಾಗಿ ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಪ್ರೊಪೇನಿನ ಅಣುತೂಕ 44, ಬ್ಯೂಟೇನಿನದು 58, ಗಾಳಿಯ ಸರಾಸರಿ 29. ಅಂದರೆ ಸೋರಿದ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೀರಿನಂತೆ ಕೆಳಕ್ಕೆ ಇಳಿದು ನೆಲದ ಮೇಲೆ ಹರಡುತ್ತದೆ, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಭಾಗದಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಮೇಲಿನ ಬೆಳಕಿಂಡಿಯೊಂದನ್ನೇ ನಂಬಿದ ಅಡುಗೆಮನೆ ಇಂದು ಅರ್ಧ ಸುರಕ್ಷಿತ ಮಾತ್ರ. ನೆಲಮಟ್ಟದಲ್ಲಿ ಹೊರಗೋಡೆಗೆ ಜಾಲರಿಯ ಕಿಂಡಿಯೊಂದು ಇರಲೇಬೇಕು. ಅದು ಬಯಲಿಗೆ ತೆರೆಯಬೇಕು, ಚರಂಡಿಗಲ್ಲ. ಹಳೆಯ ಕಾಲದ ಅಂದಕ್ಕೆಂದು ಸಿಲಿಂಡರನ್ನು ಕೆತ್ತನೆ ಬಾಗಿಲಿನ ಕಪಾಟಿನಲ್ಲಿ ಅಡಗಿಸುವವರಿದ್ದಾರೆ. ಅಡಗಿಸಲಿ, ಆದರೆ ಬಾಗಿಲಿನ ಬುಡದಲ್ಲಿ ತೂತುಗಳಿರಲಿ. ನೆಲಮಾಳಿಗೆಯಲ್ಲಿ, ಮುಚ್ಚಿದ ಹಗೇವಿನ ತಗ್ಗಿನಲ್ಲಿ ಸಿಲಿಂಡರ್ ಇಡುವುದು ಎಂದಿಗೂ ಸಲ್ಲದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಒಲೆ ಅದಕ್ಕಿಂತ ಮೇಲಿರಬೇಕು. ವಾಸನೆ ಬಂದರೆ ದೀಪದ ಗುಂಡಿಯನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906 ಕ್ಕೆ ಫೋನ್ ಮಾಡಬೇಕು.

ಗ್ಯಾಸಿಗೆ ಹೊಗೆಯಿಲ್ಲ, ಹಾಗಾಗಿ ಮೇಲಿನ ಕಿಂಡಿ ಏಕೆ ಎಂದು ಕೇಳುವವರಿಗೆ ಒಂದು ಲೆಕ್ಕ. ಒಂದು ಕಿಲೋ ಎಲ್.ಪಿ.ಜಿ. ಉರಿದರೆ ಸುಮಾರು ಮೂರು ಕಿಲೋ ಇಂಗಾಲದ ಡೈ ಆಕ್ಸೈಡ್, ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ಅಂದರೆ 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಒಂದು ದೊಡ್ಡ ಕೊಡ ತುಂಬಿ ಮಿಕ್ಕುವಷ್ಟು, ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆಯ ಗಾಳಿ ಸೇರಿರುತ್ತದೆ. ಗೋಡೆಗೆ ಬೂಸ್ಟು ಬರುವುದಕ್ಕೆ, ಕಟ್ಟಿಗೆಯ ಕಪಾಟು ಉಬ್ಬುವುದಕ್ಕೆ ಇದೂ ಒಂದು ಕಾರಣ. ಅಂಗಡಿಯಲ್ಲಿ ಸಿಗುವ ವಿದ್ಯುತ್ 'ಚಿಮಣಿ'ಗಳಲ್ಲಿ ಎರಡು ಬಗೆ. ಕೊಳವೆಯ ಮೂಲಕ ಹೊರಗೆ ಕಳಿಸುವುದು ಒಂದು. ಎಣ್ಣೆಜಿಡ್ಡನ್ನೂ ವಾಸನೆಯನ್ನೂ ಹೀರಿ ಅದೇ ಗಾಳಿಯನ್ನು ಮತ್ತೆ ಕೋಣೆಗೆ ಬಿಡುವುದು ಇನ್ನೊಂದು. ಎರಡನೆಯದು ನೀರಾವಿಯನ್ನಾಗಲಿ ಇಂಗಾಲದ ಡೈ ಆಕ್ಸೈಡನ್ನಾಗಲಿ ಹೊರಹಾಕದು. ಹೆಸರಿಗೆ ಅದು ಚಿಮಣಿ, ಕೆಲಸದಲ್ಲಿ ಅಲ್ಲ.

ಉಜ್ವಲಾ ಯೋಜನೆ 2016 ರಲ್ಲಿ ಬಂದ ಮೇಲೆ ಹಳ್ಳಿಯ ಎಷ್ಟೋ ಮನೆಗಳಿಗೆ ಗ್ಯಾಸು ಬಂದಿದೆ. ಆದರೂ ಜಳಕದ ನೀರಿನ ಹಂಡೆಗೆ, ಹತ್ತಾರು ಜನರ ರೊಟ್ಟಿಗೆ ಹಿತ್ತಲಲ್ಲಿ ಕಟ್ಟಿಗೆಯ ಒಲೆ ಉಳಿದಿರುವುದುಂಟು. ಹೊಸ ಮನೆಯಲ್ಲಿ ಲಕ್ಷಗಟ್ಟಲೆ ಖರ್ಚು ಮಾಡುವವರು ಹಿತ್ತಲ ಒಲೆಗೂ ಒಂದು ಹೊಗೆಕೊಳವೆ ಕಟ್ಟಿಸಿದರೆ ಆ ಖರ್ಚಿಗೆ ಅರ್ಥ ಬರುತ್ತದೆ.

ಯಾರ ಮೊಳಕೈ?

ಗೌಂಡಿ ಕೇಳುತ್ತಾನೆ: "ಸಾಹೇಬ್ರ, ಒಲಿ ಕಟ್ಟಿ ಎಷ್ಟ ಎತ್ತರ ಹಿಡೀಲಿರಿ?" ಯಜಮಾನರು ಉತ್ತರಿಸುತ್ತಾರೆ: "ಎಲ್ಲಾರ ಮನ್ಯಾಗ ಎಷ್ಟ ಇರತೈತಿ, ಅಷ್ಟ ಹಿಡಿಯಪಾ." ಆ ಕಟ್ಟೆಯ ಮುಂದೆ ಮುಂದಿನ ಮೂವತ್ತು ವರ್ಷ ನಿಲ್ಲುವವಳು ಆಗ ಚಹಾ ತರಲು ಒಳಗೆ ಹೋಗಿರುತ್ತಾಳೆ. ಅವಳನ್ನು ಯಾರೂ ಕೇಳುವುದಿಲ್ಲ.

ವಿಕ್ಟೋರಿಯಾ ಅಡುಗೆಮನೆಯ ಒಂದು ಸಂಗತಿಯನ್ನು ಇಂದಿನ ನಕಲುಗಳು ಮರೆತಿವೆ. ಅಲ್ಲಿ ಗೋಡೆಯುದ್ದಕ್ಕೂ ಒಂದೇ ಎತ್ತರದ ಕಟ್ಟೆ ಇರಲಿಲ್ಲ. ಮೇಜು ಬೇರೆ, ಒಲೆ ಬೇರೆ, ತೊಟ್ಟಿ ಬೇರೆ, ಪ್ರತಿಯೊಂದಕ್ಕೂ ತನ್ನದೇ ಎತ್ತರ. ಒಂದೇ ಮಟ್ಟದ ಜೋಡಿಸಿದ ಕಟ್ಟೆ ಜನಪ್ರಿಯವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. 1926 ರಲ್ಲಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಎಂಬ ಮಹಿಳಾ ವಾಸ್ತುಶಿಲ್ಪಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಇಂಥ ಜೋಡಿಸಿದ ಅಡುಗೆಮನೆಗಳ ಮೂಲಮಾದರಿ.

ಎತ್ತರವನ್ನು ಹೇಳುವುದು ಮೊಳಕೈ. ಐದು ಅಡಿ ಎತ್ತರದ ಮಹಿಳೆಯ ಮೊಳಕೈ ನೆಲದಿಂದ ಸುಮಾರು 95 ಸೆಂ.ಮೀ. ಕಾಯಿಪಲ್ಲೆ ಹೆಚ್ಚುವಂಥ ಹಗುರ ಕೆಲಸಕ್ಕೆ ಕಟ್ಟೆ ಮೊಳಕೈಗಿಂತ 10-15 ಸೆಂ.ಮೀ. ಕೆಳಗಿರಬೇಕು. ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು ಭುಜದ ಬಲದ ಕೆಲಸ. ಅದಕ್ಕೆ ಇನ್ನೂ ತಗ್ಗು, 20-25 ಸೆಂ.ಮೀ. ಕೆಳಗೆ ಇದ್ದರೆ ಮೈಭಾರವೇ ಅರ್ಧ ಕೆಲಸ ಮಾಡುತ್ತದೆ. ಗ್ಯಾಸಿನ ಒಲೆಯ ಮೇಲೆ ಪಾತ್ರೆ ಏರಿದಾಗ ಅದರ ಅಂಚು ಮೊಳಕೈ ಮೀರಬಾರದು. ಆದ್ದರಿಂದ ಒಲೆಯ ಕಟ್ಟೆಯೂ ಹೆಚ್ಚುವ ಕಟ್ಟೆಗಿಂತ ಕೆಳಗಿರಬೇಕು. ದಿನಕ್ಕೆ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವ ಮನೆಯಲ್ಲಿ ಕೆಲವೇ ಇಂಚಿನ ಈ ವ್ಯತ್ಯಾಸವೇ ಭುಜನೋವು ಬರುವುದನ್ನೋ ಬಾರದಿರುವುದನ್ನೋ ನಿರ್ಧರಿಸಬಲ್ಲದು.

ಆಳುಗಳಿಲ್ಲದ ಮನೆಗಾಗಿಯೇ ಯೋಚಿಸಿದವರೂ ಆ ಕಾಲದಲ್ಲಿದ್ದರು. ಅಮೆರಿಕದ ಕ್ಯಾಥರೀನ್ ಬೀಚರ್ ತಮ್ಮ ತಂಗಿ, ಕಾದಂಬರಿಕಾರ್ತಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜತೆ 1869 ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹಡಗಿನ ಇಕ್ಕಟ್ಟಾದ ಅಡುಗೆಕೋಣೆಯನ್ನು ಮಾದರಿಯಾಗಿಟ್ಟುಕೊಂಡರು. ಹಿಟ್ಟಿನ ಡಬ್ಬಿ ನಾದುವ ಜಾಗದ ಪಕ್ಕದಲ್ಲೇ, ಪಾತ್ರೆ ತೊಳೆಯುವ ತೊಟ್ಟಿಗೆ ತಾಗಿಯೇ ಪಾತ್ರೆಯ ಗೂಡು, ಒಲೆಯ ಕಾವು ಬೇರೆ ಕೋಣೆಗೆ. ಕೆತ್ತನೆಯ ಕಪಾಟಿಗಿಂತ ಈ ವಿಕ್ಟೋರಿಯಾ ಕಾಲ ನಕಲು ಮಾಡಲು ಹೆಚ್ಚು ಯೋಗ್ಯ.

ಮಾಡಿ ನೋಡಿ

ವಿದ್ಯಾರ್ಥಿಗಳು ಒಂದು ಭಾನುವಾರ ಈ ನಾಲ್ಕು ಪರೀಕ್ಷೆ ಮಾಡಬಹುದು. ಅಡುಗೆಮನೆಯ ನೆಲದ ನಕ್ಷೆ ಬರೆದು, ಬೆಳಗಿನ ಅಡುಗೆ ಮುಗಿಯುವವರೆಗೆ ಅವ್ವ ಎಲ್ಲಿಂದ ಎಲ್ಲಿಗೆ ಎಷ್ಟು ಹೆಜ್ಜೆ ನಡೆದರು ಎಂದು ಗೆರೆ ಎಳೆಯುತ್ತ ಎಣಿಸಿ. ಅವ್ವ ನೆಟ್ಟಗೆ ನಿಂತು ಕೈ ಮಡಿಸಿದಾಗ ನೆಲದಿಂದ ಮೊಳಕೈವರೆಗೆ ಅಳೆದು, ಈಗಿನ ಕಟ್ಟೆಯ ಎತ್ತರದೊಡನೆ ಹೋಲಿಸಿ. ಒಲೆ ಆರಿಸಿ, ಗ್ಯಾಸಿನ ವಾಸನೆ ಇಲ್ಲವೆಂದು ದೊಡ್ಡವರಿಂದ ಖಚಿತಪಡಿಸಿಕೊಂಡ ಮೇಲೆ, ಹೊತ್ತಿಸಿದ ಊದುಬತ್ತಿಯನ್ನು ಮೇಲಿನ ಕಿಂಡಿಯ ಹತ್ತಿರ, ಕಿಟಕಿಯ ಹತ್ತಿರ, ಬಾಗಿಲ ಕೆಳಗೆ ಹಿಡಿದು ಹೊಗೆ ಯಾವ ಕಡೆ ವಾಲುತ್ತದೆ ಎಂದು ಗುರುತು ಹಾಕಿ. ಕೊನೆಗೆ, ಸಂಜೆ ಐದು ಗಂಟೆಗೆ ಪಶ್ಚಿಮದ ಗೋಡೆಯನ್ನೂ ಉತ್ತರದ ಗೋಡೆಯನ್ನೂ ಒಳಗಿನಿಂದ ಮುಟ್ಟಿ ನೋಡಿ.

ಈ ನಾಲ್ಕು ಪರೀಕ್ಷೆಗಳಿಂದ ಸಿಗುವ ಒಂದು ಹಾಳೆಯ ಮಾಹಿತಿ, ಇಂಗ್ಲೆಂಡಿನ ನೂರು ಬಣ್ಣದ ಚಿತ್ರಗಳಿಗಿಂತ ಹೆಚ್ಚು ಬೆಲೆಬಾಳುತ್ತದೆ. ಅದನ್ನು ಕೈಯಲ್ಲಿ ಹಿಡಿದ ಮೇಲೆ ಕಪಾಟಿಗೆ ಕಂದು ಬಣ್ಣವೋ ಹಸಿರೋ, ಹಿಡಿಕೆ ಹಿತ್ತಾಳೆಯದೋ ಉಕ್ಕಿನದೋ, ನೆಲಕ್ಕೆ ಚೌಕದ ಟೈಲ್ಸೋ ಶಹಾಬಾದ್ ಫರಸಿಯೋ ಎಂಬುದು ಮನೆಯವರ ಇಷ್ಟ, ಹಣದ ಅನುಕೂಲ.

ಗೌಂಡಿ "ಕಟ್ಟಿ ಎಷ್ಟ ಎತ್ತರ ಹಿಡೀಲಿರಿ?" ಎಂದು ಕೇಳುವ ದಿನ ಯಜಮಾನರು ಉತ್ತರಿಸುವ ಮೊದಲು ಒಳಗೆ ಕರೆಯಲಿ. ಚಹಾದ ತಟ್ಟೆ ಬೇರೆ ಯಾರಾದರೂ ಹಿಡಿಯಲಿ. ಟೇಪು ಹಿಡಿದ ಮಗಳು ಅಂಕಿ ಓದಲಿ, ಉತ್ತರವನ್ನು ಅವ್ವ ಹೇಳಲಿ.